ಪೆನ್ಸಿಲ್ಲಿನ ಸಾಲು

ಖಚಿತವಾದದ್ದು ಇಂಕಿನಲ್ಲಿ, ಕೇಳಿದ್ದು ಪೆನ್ಸಿಲ್ಲಿನಲ್ಲಿ.
ಮೂವತ್ತೊಂದು ವರ್ಷ ಗಾಂಧಿನಗರದ ನೋಂದಣಿ ಕಚೇರಿಯಲ್ಲಿ
ಕೂತೆದ್ದವನಿಗೆ ಬೇರೆ ಶಿಸ್ತು ಗೊತ್ತಿಲ್ಲ.
ಮುತ್ತಜ್ಜಿಗೆಂದು ತೆಗೆದ ನೋಟುಬುಕ್ಕು
ಹೀಗೆ ಶುರುವಾಯಿತು:

ಪಾಪಮ್ಮ. ಇಂಕು.
ಆದರೆ ಅದು ಹೆಸರೋ, ಹೆಸರು ಗೊತ್ತಿರದ ಮಗುವನ್ನು
ಯಾರೋ ಪಾಪ, ಪಾಪ ಎಂದು ಕರೆದು
ಅದೇ ಅಂಟಿಕೊಂಡಿತೋ? ಪೆನ್ಸಿಲ್ಲು.

ಸಿದ್ಧಿಕಟ್ಟೆಯ ಬಳಿ ಹೂವು ಮಾರುತ್ತಿದ್ದಳು: ಇಂಕು.
ಸುಂಕದ ಚೀಟಿ ಒಂದಿದೆ, ಇಲಿ ತಿಂದು ಉಳಿದದ್ದು,
ಒಂದಾಣೆ ಮತ್ತು ಹೆಬ್ಬೆಟ್ಟು.
ಆ ಹೆಬ್ಬೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿದೆ.
ಗೆರೆಗಳು ಸುತ್ತಿ ಸುತ್ತಿ ನಡುವಿಗೆ ಹೋಗುತ್ತವೆ,
ಯಾವ ಊರಿಗೂ ಹೋಗುವುದಿಲ್ಲ.

ಪ್ಲೇಗು ಬಂದ ವರ್ಷ, ಹುಣಸೆಮರದ ಕೆಳಗೆ
ಬಿದಿರು ಬುಟ್ಟಿಯಲ್ಲಿ ಸಿಕ್ಕಿದ ಕೂಸು ಕಣೋ ಅವಳು,
ಅನ್ನುತ್ತಾಳೆ ಮುನಿರತ್ನಮ್ಮತ್ತೆ,
ಮರವನ್ನು ತಾನೇ ನೆಟ್ಟವಳ ಹಾಗೆ.
ಬರೆದುಕೊಂಡೆ, ಪೆನ್ಸಿಲ್ಲಿನಲ್ಲಿ.
ಮಿಷನ್ ಆಸ್ಪತ್ರೆಯ ಹೆರಿಗೆ ಪುಸ್ತಕ ಬೇರೆ ಹೇಳಿತು:
ಸಾವಿರದ ಒಂಬೈನೂರ ಹನ್ನೊಂದು, ಪಾಪಿ, ಹೂವಿನವಳು,
ವಯಸ್ಸು ಇಪ್ಪತ್ತೆರಡು, ಗಂಡುಮಗು.
ಕಳೆದು ನೋಡಿದೆ. ಪ್ಲೇಗಿನ ವರ್ಷ ಅವಳಿಗೆ ಒಂಬತ್ತು.
ಒಂಬತ್ತರ ಹುಡುಗಿ ಯಾವ ಬುಟ್ಟಿಯಲ್ಲಿ ಹಿಡಿಸುತ್ತಾಳೆ?
ರಬ್ಬರು ತೆಗೆದುಕೊಂಡೆ.
ಹುಣಸೆಮರ ಹೋಯಿತು, ಬುಟ್ಟಿ ಹೋಯಿತು,
ಕಾಗದದ ಮೇಲೆ ಒಂದಿಷ್ಟು ಮಬ್ಬು ಉಳಿಯಿತು.

ಒಕಟಿ, ರೆಂಡು ಅಂತ ಎಣಿಸುತ್ತಿದ್ದಳಂತೆ,
ಹಾಗಾಗಿ ಚಿತ್ತೂರು ಕಡೆ, ಎಂದ ಕಬ್ಬನ್‌ಪೇಟೆಯ ಚಿಕ್ಕಮುನಿಯಣ್ಣ.
ಬೈಯುವಾಗ ತಮಿಳು, ಹಾಗಾಗಿ ಧರ್ಮಪುರಿ, ಎಂದ ಅವನ ತಮ್ಮ.
ಇಬ್ಬರೂ ಈಗ ಮಾತು ಬಿಟ್ಟಿದ್ದಾರೆ. ಕಾರಣ ಇದಲ್ಲ, ಸೈಟು.

ನಸುಕಿಗೇ ಎದ್ದು ಮಾರ್ಕೆಟ್ಟಿಗೆ ಹೋಗಿ ನಿಂತೆ.
ಕನಕಾಂಬರದ ರಾಶಿಯ ಹಿಂದೆ ಒಬ್ಬಳು
ತೆಲುಗಿನಲ್ಲಿ ಎಣಿಸಿ, ತಮಿಳಿನಲ್ಲಿ ಪಕ್ಕದವಳನ್ನು ಝಾಡಿಸಿ,
ಫೋನಿನಲ್ಲಿ ಯಾರಿಗೋ ಉರ್ದು ಬೆರೆಸಿ ಉತ್ತರ ಕೊಟ್ಟು
ಚಿಲ್ಲರೆ ಕೊಡಿ ಸಾರ್ ಎಂದಳು ನನಗೆ.
ನಿಮ್ಮದು ಯಾವೂರಮ್ಮ?
ಇಲ್ಲೇ, ಗೋರಿಪಾಳ್ಯ.
ಅಣ್ಣನನ್ನೂ ತಮ್ಮನನ್ನೂ ಒಟ್ಟಿಗೇ ಅಳಿಸಿದೆ.

ತಾಮ್ರದ ಚೊಂಬೊಂದಿತ್ತು, ಕುತ್ತಿಗೆಯಲ್ಲಿ ಮ. ವೆಂ. ಎಂದು ಚುಚ್ಚಿದ್ದು.
ಮಳೂರು ವೆಂಕಟಪ್ಪ ಎಂದು ಒಬ್ಬ ತಂದೆಯನ್ನೇ ಕಟ್ಟಿದೆ ಎರಡು ತಿಂಗಳು,
ಮೀಸೆ ಕೊಟ್ಟೆ, ಒಂದು ಎತ್ತಿನಗಾಡಿ ಕೊಟ್ಟೆ.
ಅದು ಗುಜರಿಯಲ್ಲಿ ಕೊಂಡಿದ್ದಲ್ವೇನೋ, ಎಂದಳು ಅತ್ತೆ.
ವೆಂಕಟಪ್ಪ ಗಾಡಿ ಹೊಡೆದುಕೊಂಡು ಹೊರಟುಹೋದ.

ನದಿಮೂಲ ಕೇಳಬಾರದು ಎನ್ನುತ್ತಾರೆ.
ನಮ್ಮೂರಲ್ಲಿ ಕೇಳಬಹುದು. ಬಸವನ ಪಾದದಡಿ ಹುಟ್ಟಿತಂತೆ
ವೃಷಭಾವತಿ, ಎಲ್ಲರಿಗೂ ಗೊತ್ತು.
ಮೂಗು ಮುಚ್ಚಿಕೊಂಡು ದಾಟುವುದು ನದಿಯನ್ನು.

ಕೊನೆಗೆ ಉಳಿದದ್ದು ಆ ಇಪ್ಪತ್ತೆರಡು.
ಗಟ್ಟಿ ಕಲ್ಲು, ಇದರ ಮೇಲೆ ನಿಲ್ಲಬಹುದು ಎಂದೆ.
ಅತ್ತೆ ಎಲೆ ಮಡಿಸುತ್ತಾ ಕೇಳಿದಳು:
ಬರೆದವನು ಯಾರೋ? ಅವಳು ಹುಟ್ಟಿದಾಗ ಪಕ್ಕದಲ್ಲಿದ್ದನೇನು?

ನೆನಪಾಯಿತು. ನನ್ನ ಮೇಜಿನ ಮುಂದೆ ನಿಂತು
ವಯಸ್ಸು ಗೊತ್ತಿಲ್ಲ ಸ್ವಾಮಿ ಎಂದವರು ಎಷ್ಟು ಜನ.
ಕೂದಲು ನೋಡಿ, ಹಲ್ಲು ನೋಡಿ,
ಊಟದ ಹೊತ್ತಾಗಿದ್ದರೆ ಏನೂ ನೋಡದೆ
ನಲವತ್ತು ಎಂದು ಬರೆದಿದ್ದೇನೆ, ಐವತ್ತು ಎಂದು ಬರೆದಿದ್ದೇನೆ,
ಒಳ್ಳೆಯ ಇಂಕಿನಲ್ಲಿ.
ಸುಮಾರು ಎಂಬ ಪದಕ್ಕೆ ಕಾಲಮ್ಮಿನಲ್ಲಿ ಜಾಗವಿರಲಿಲ್ಲ.

ಇಪ್ಪತ್ತೆರಡರ ಹಿಂದೆ ಸುಮಾರು ಸೇರಿಸಿದೆ.
ಹುಣಸೆಮರ ವಾಪಸು ಬರೆಯಲೇ ಎಂದುಕೊಂಡೆ. ಬರೆಯಲಿಲ್ಲ.
ಆ ಮಬ್ಬಿನ ಮೇಲೆ ಗೊತ್ತಿಲ್ಲ ಎಂದು ಬರೆದೆ,
ಇಂಕಿನಲ್ಲಿ.

ಅವಳ ಮೊಳ ಗಿಡ್ಡ ಅಂತ ಗಿರಾಕಿಗಳು ಜಗಳ ಆಡೋರು,
ಅತ್ತೆ ನಕ್ಕಳು, ಮೋಸ ಅಲ್ಲ, ಕೈಯೇ ಅಷ್ಟು.
ನಾನು ಕೊಂಡ ಪ್ರತಿ ಅಂಗಿಯ ತೋಳನ್ನು
ಚಿಕ್ಕಪೇಟೆಯ ದರ್ಜಿ ಎರಡು ಬೆರಳು ಮಡಿಸುತ್ತಾನೆ.
ಇದನ್ನು ಪೆನ್ಸಿಲ್ಲಿನಲ್ಲೇ ಬರೆದೆ.
ಸ್ವಲ್ಪ ಒತ್ತಿ.