ಸಾಮಾನಿನ ಪಟ್ಟಿ

ಲಗ್ನದ ಸೀಜನ್ ಮುಗದಿತ್ತು. ಗೋದಾಮಿನಾಗ
ರಾಜಾ-ರಾಣಿ ಕುರ್ಚಿ ಧೂಳು ತಿಂತಿದ್ವು.
ಆವಾಗ ಹೈದರಾಬಾದಿನಿಂದ ಫೋನು:
ಕಮಠಾಣ ದಾರ್ಯಾಗ ಹನ್ನೆರಡು ಎಕರೆ, ನಡುವ ಬಂಗ್ಲೆ,
ಮೂರು ದಿನದಾಗ ಸಿಂಗಾರ ಆಗಬೇಕು.
ಲಗ್ನ ಯಾರದ್ರೀ, ಅಂದೆ.
ಲಗ್ನ ಅಲ್ಲ, ಮನೀನೇ ತೋರಸೋದದ, ಅಂದಳು ನಿಹಾರಿಕಾ ಮೇಡಂ.
ಹೆಣ್ಣು ತೋರಿಸಿದಂಗ, ಅಂತ ತಿಳಕೊಂಡೆ.
ಅಷ್ಟೇನೂ ತಪ್ಪಿರಲಿಲ್ಲ.

ಎರಡು ಲಾರಿ ಸಾಮಾನು ಒಯ್ದೆ.
ಗಾಲಿಚಾದ ಮ್ಯಾಲ ಯಾರದೋ ರಿಸೆಪ್ಶನ್ನಿನ ಸಾರಿನ ಕಲೆ,
ಅದು ಸೋಫಾದ ಬುಡಕ ಬರೋಹಂಗ ಹಾಸಿದೆ.
ಪುಸ್ತಕ ಬೇಕು ಅಂದಳು. ರದ್ದಿ ಅಂಗಡಿ ಮೈನೋದ್ದೀನ
ಕಿಲೋಕ್ಕ ಇಪ್ಪತ್ತರಂಗ ತೂಗಿ ಕೊಟ್ಟ,
ಕಾನೂನಿನವು, ಕೆಂಪು ರಟ್ಟು. ಕಪಾಟು ತುಂಬಿತು.
ಯಾವ ತಪ್ಪಿಗೆ ಯಾವ ಶಿಕ್ಷೆ, ಎಲ್ಲ ಇತ್ತು ಅದರಾಗ.
ಗಾಜಿನ ಬೋಗುಣ್ಯಾಗ ಪ್ಲಾಸ್ಟಿಕ್ ನಿಂಬೆಹಣ್ಣು, ಒಂದು ಡಜನ್.
ಗ್ವಾಡಿಗೆ ಒಬ್ಬ ಅಜ್ಜ,
ಯಾರ ಅಜ್ಜನೋ, ಚೌಬಾರಾ ಹತ್ರ ಫ್ರೇಮಿನ ಅಂಗಡ್ಯಾಗ
ಯಾರೂ ಬಿಡಿಸಿಕೊಳ್ಳದೆ ಉಳದಿದ್ದ.
ಮೀಸಿ ಚಂದ ಇತ್ತು. ಈ ಮನೀಗೆ ಹಿರಿಯನಾದ.

ಖರೇದು ಅಂದ್ರ ಬಿದರಿ ಹೂದಾನಿ ಒಂದೇ, ನನ್ನ ತವರಿಂದು.
ಕ್ವಾಟಿ ಮಣ್ಣಾಗ ಕುದ್ದು ಕರ್ರಗಾದದ್ದು,
ಬೆಳ್ಳಿ ಎಳಿ ಮಾತ್ರ ಹಂಗೇ ಉಳದದ್ದು.
ಭಾಳ ಕಪ್ಪದ, ತೆಗೀರಿ, ಅಂದಳು ಮೇಡಂ.
ತೆಗದೆ.

ಹಿಂದ ಪಂಪಿನ ಖೋಲ್ಯಾಗ ಘಾಳೆಪ್ಪ, ತೇಜಮ್ಮ,
ಎಂಟು ವರ್ಷದಿಂದ ಕಾವಲು.
ಅವರ ಹಗ್ಗದ ಮ್ಯಾಲಿನ ಸೀರಿ, ನೀಲಿ ಕೊಡ, ಕೋಳಿ,
ಕಡೀಕ ಅವರೂ
ಕಣ್ಣಿಗೆ ಬೀಳಬಾರದು ಅಂತ ಆಯ್ತು.
ಆಮ್ಯಾಲ ಮೇಡಂ ಮೂಗು ಅರಳಿಸಿ:
ಮನೀಗೆ ವಾಸನೀನೇ ಇಲ್ಲ. ಯಾರೂ ಬದುಕಿಲ್ಲ ಅನಸ್ತದ.
ಹಂಗಾಗಿ ತೇಜಮ್ಮನ್ನ ಕರದು
ಯಾರೂ ಮುಟ್ಟದ ಬಿಳಿ ಅಡಗಿಮನ್ಯಾಗ
ಎರಡು ಜೋಳದ ರೊಟ್ಟಿ ಬಡಿಸಿದ್ವಿ.
ವಾಸನಿ ಇಟ್ಟಕೊಂಡು ಆಕಿನ್ನ ಹಿಂಬಾಗಲದಿಂದ ಕಳಿಸಿದ್ವಿ.
ರೊಟ್ಟಿ ಆಕೀನೇ ಒಯ್ದಳು.

ಬಂದಾಕಿ ಝಹೀರಾಬಾದ ಕಡಿ ಕಲ್ಲಿನ ಗಣಿ ಸಾವಕಾರ್ತಿ,
ಅರವತ್ತರ ಮ್ಯಾಲ, ಮೊಣಕಾಲು ನೋವು.
ಸೋಫಾ ನೋಡಲಿಲ್ಲ. ಕಾನೂನಿಗೆ ಬೆನ್ನು ಕೊಟ್ಟಳು.
ಒಂಬತ್ತು ಟ್ಯಾಂಕರ್ ನೀರು ಕುಡದ ಈಜುಕೊಳ
ಆಕಿ ಕಣ್ಣಿಗೇ ಬೀಳಲಿಲ್ಲ.
ಅಜ್ಜನ ಮುಂದ ನಿಂತು ಕೈಮುಗದಳು.
ನನಗ ಬೆವರು ಬಂತು.
ಅಡಗಿಮನ್ಯಾಗ ಒಂದು ಉಸರು ಎಳಕೊಂಡು
ಸುಮ್ಮನ ಹಿತ್ತಲಕ್ಕ ಹೋದಳು.

ಅಲ್ಲಿ ಬೇವಿನ ಗಿಡದ ಕೆಳಗ
ಘಾಳೆಪ್ಪನ ಹೊರಸು.
ಅಡಗಸೋದು ಯಾರಿಗೂ ನೆನಪಾಗಿರಲಿಲ್ಲ.
ಹಗ್ಗ ಜೋತು ಬಿದ್ದು, ನಡುವ ಅವನ ಮೈಯಷ್ಟು ತಗ್ಗು.
ಸಾವಕಾರ್ತಿ ಕುಂತಳು. ಚಪ್ಪಲಿ ಬಿಟ್ಟಳು.
ಆ ತಗ್ಗಿನಾಗ ಮೈ ಇಟ್ಟು
ನಿದ್ದಿ ಹೋದಳು.

ಒಂದೂವರಿ ತಾಸು.
ಮೇಡಂ ತುದಿಗಾಲ ಮ್ಯಾಲ. ಯಾರೂ ಕೆಮ್ಮಲಿಲ್ಲ.
ಕೋಳಿ ಒಂದು ತಪ್ಪಿಸಿಕೊಂಡು ಬಂದು
ಆಕಿ ಚಪ್ಪಲಿ ಹತ್ರ ಕೆದರಿತು. ಓಡಿಸೋ ಧೈರ್ಯ ಯಾರಿಗದ?
ಪೇರಲ ಗಿಡದ ಮರಿಗೆ ನಿಂತು ಘಾಳೆಪ್ಪ
ತನ್ನ ಹೊರಸಿನ ಮ್ಯಾಲಿನ ಗೊರಕಿ ಕೇಳ್ತಿದ್ದ.

ಎದ್ದು ಕೇಳಿದ್ದು ಒಂದೇ ಮಾತು:
ಈ ಹೊರಸು ಮನಿ ಜೋಡಿ ಬರ್ತದೇನು?
ಬರ್ತದ, ಅಂದಳು ಮೇಡಂ.
ಪಟ್ಟಿ ತೆರದು ಕೊನಿಗೆ ಒಂದು ಸಾಲು ಸೇರಿಸಿದಳು.

ಸಂಜೀಕ ಲಾರಿ ತುಂಬಿದ್ವಿ. ನಿಂಬೆಹಣ್ಣು ಎಣಿಸಿದೆ,
ಹನ್ನೆರಡೂ ಇದ್ವು, ಒಂದರ ಮ್ಯಾಲ ಹಲ್ಲಿನ ಗುರ್ತು.
ಅಜ್ಜನ್ನ ಗೋಣಿಚೀಲದಾಗ ಸುತ್ತಿ
ಮುಂದ ಡ್ರೈವರ್ ಬಾಜೂಕ ಕೂಡಿಸಿದೆ,
ಒಂದು ನಮಸ್ಕಾರ ಗಳಿಸ್ಯಾನ ಇವತ್ತ.
ಹಗ್ಗ ಬಿಗೀತಾ ಘಾಳೆಪ್ಪ ಕೇಳಿದ:
ಅಕ್ಕಾ, ನಾ ಇವತ್ತ ಎಲ್ಲಿ ಮಲಗ್ಲಿ?

ಕಟ್ಟಿದ ಹಗ್ಗ ಬಿಚ್ಚಿಸಿದೆ.
ಮದುಮಕ್ಕಳ ಪಲ್ಲಂಗ ಇಳಿಸಿದ್ವಿ, ನವಿಲಿನ ಕೆತ್ತಿಗಿದು.
ಪಂಪಿನ ಖೋಲಿ ಬಾಗಲದಾಗ ಅದು ಹಿಡೀಲಿಲ್ಲ,
ಬೇವಿನ ಬುಡಕೇ ಇಟ್ವಿ, ಮಾರಿ ಹೋದ ಹೊರಸಿನ ಬಾಜೂಕ.
ಪುಸ್ತಕದಾಗ ಬರದೆ: ಪಲ್ಲಂಗ ಒಂದು, ಹೊರಗದ.
ವಾಪಸ್ ತಾರೀಖಿನ ಖಾನೆ ಖಾಲಿ ಬಿಟ್ಟೆ.

ತೇಜಮ್ಮ ಹಾಸಿಗಿ ಒತ್ತಿ ನೋಡಿ ನಕ್ಕಳು:
ಇದರಾಗ ತಗ್ಗು ಬೀಳಾಕ
ಇನ್ನೆಂಟು ವರ್ಷ ಬೇಕಲ್ರೀ.