ಮೇಲಿನದೊಂದು ಗುಂಡಿ

ಬರ್ಮಿಂಗ್‌ಹ್ಯಾಮಿನ ಸ್ನೋ ಹಿಲ್ ಇಳಿಜಾರಲ್ಲಿ, ಸ್ಕೋಲ್‌ಫೀಲ್ಡ್ ಧಣಿಯ ಕಾರ್ಖಾನೆಗೆ
ಅವನನ್ನು ತಂದ ದಿನ ನಾನು ರಟ್ಟಿಗೆ ಗುಂಡಿ ಹೊಲಿಯುತ್ತಿದ್ದೆ.
ಒಂದು ರಟ್ಟಿಗೆ ಹನ್ನೆರಡು. ತಲೆಯೆತ್ತಿದರೆ ಲೆಕ್ಕ ತಪ್ಪುತ್ತದೆ.
ಎತ್ತಿದೆ.

ಅನಾಥಾಲಯದ ಬೋಳಿಸಿದ ತಲೆ, ಹತ್ತು ವರ್ಷ,
ಹೆಸರು ಜೇಬೆಜ್ ಟ್ರಾಂಟರ್.
"ಪಾದರಸದಂಥ ಹುಡುಗ, ನಿಂತಲ್ಲಿ ನಿಲ್ಲ," ಎಂದ ಚರ್ಚಿನ ಗುಮಾಸ್ತ,
ಸಂತೆಯಲ್ಲಿ ಕರುವಿನ ಬಾಯಿ ತೆರೆದು ತೋರಿಸುವವನ ಹಾಗೆ.
ಧಣಿಗೆ ನಾಲ್ಕು ಪೌಂಡು, ಹುಡುಗನಿಗೆ ಒಂದು ಜೊತೆ ಬೂಟು.
ಕರಾರಿನ ಕಾಗದವನ್ನು ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ
ಅರ್ಧ ಧಣಿಗೆ, ಅರ್ಧ ಚರ್ಚಿನ ಪೆಟ್ಟಿಗೆಗೆ.
ಕತ್ತರಿಯಿಂದ ಉದುರಿದ ಚೂರೊಂದನ್ನು
ಅವನು ಹೆಕ್ಕಿ ಜೇಬಿಗಿಟ್ಟ.
"ಇದು ನನ್ನ ಪಾಲು," ಅಂದ.

ಚಿನ್ನ ಬಳಿಯುವ ಕೋಣೆಗೆ ಒಂದೇ ಕಿಟಕಿ;
ಗಾಳಿಗೆ ಕೆಂಡ ಬೇಗ ತೀರುತ್ತದೆಂದು ಅದಕ್ಕೂ ಗೋಣಿ ಬಡಿದಿದ್ದರು.
ಪಾದರಸಕ್ಕೆ ಚಿನ್ನ ತಿನ್ನಿಸಿ, ಬೆಣ್ಣೆಯಂಥ ಮುದ್ದೆ ಮಾಡಿ,
ಹಿತ್ತಾಳೆ ಗುಂಡಿಗಳಿಗೆ ಸವರಿ,
ಕಬ್ಬಿಣದ ಬಾಣಲೆಯಲ್ಲಿ ಬಟಾಣಿ ಹುರಿದಂತೆ ಹುರಿಯಬೇಕು.
ರಸ ಹಾರಿಹೋಗುತ್ತದೆ, ಚಿನ್ನ ಉಳಿಯುತ್ತದೆ.
ಹಾರಿದ್ದು ಎಲ್ಲಿ ಹೋಗಿ ಕೂರುತ್ತದೆ ಎಂದು
ಯಾರೂ ಕೇಳಲಿಲ್ಲ, ನಾನೂ.
ಹನ್ನೆರಡು ಡಜನ್ ಗುಂಡಿಗೆ ಮೂರು ಗುಲಗಂಜಿ ತೂಕ ಚಿನ್ನ, ಅಷ್ಟೂ ಇಲ್ಲ;
ತಕ್ಕಡಿಗೆ ಅದರ ಮೇಲೆ ಮಾತ್ರ ಕಣ್ಣು.
(ನನಗೀಗ ಎಪ್ಪತ್ತು. ಬೆರಳು ಇನ್ನೂ ಡಜನ್‌ಗಳಲ್ಲೇ ಎಣಿಸುತ್ತದೆ.)

ಮೊದಲ ಚಳಿಗಾಲ ಅವನು ಸಿಳ್ಳೆ ಹಾಕುತ್ತಿದ್ದ.
ಎರಡನೆಯದಕ್ಕೆ ಬಾಯಿ ತುಂಬ ಜೊಲ್ಲು, ಹಳೆ ನಾಣ್ಯದ ರುಚಿ.
ಬ್ರೆಡ್ಡನ್ನು ನೀರಲ್ಲದ್ದಿ ಮೆತ್ತಗೆ ಮಾಡಿ ಕೊಟ್ಟೆ,
ಹಲ್ಲೊಂದು ಅದರಲ್ಲೇ ಉಳಿಯಿತು.
ನಕ್ಕ. ಕಾಗದದ ಚೂರಿನ ಜೊತೆಗೆ ಅದನ್ನೂ ಇಟ್ಟ.

ಆಮೇಲೆ ಕೈ.
ಊರ ದೊರೆಗಳ ಎದೆಗೆಲ್ಲ ಹೊಳಪು ಕೊಟ್ಟವನಿಗೆ
ತನ್ನ ಮಾಸಲು ಒಳಕೋಟಿನ ಮೂಳೆ ಗುಂಡಿ ಹಾಕಿಕೊಳ್ಳಲಾಗದು.
ತೂತು ಒಂದು ಕಡೆ, ಬೆರಳು ಇನ್ನೊಂದು ಕಡೆ,
ಅಷ್ಟರಲ್ಲಿ ಕೆಲಸದ ಗಂಟೆ.
ಮೆಟ್ಟಿಲ ಕತ್ತಲಲ್ಲಿ ನಾನೇ ಹಾಕುತ್ತಿದ್ದೆ,
ಕೆಳಗಿನಿಂದ ಮೇಲಕ್ಕೆ, ಐದರಲ್ಲಿ ನಾಲ್ಕು.
"ಮೇಲಿನದು ಬೇಡ ಕೆಜಾಯಾ, ಕುತ್ತಿಗೆ ಹಿಡಿಯುತ್ತೆ."

ಮೂರನೆಯ ವರ್ಷ ಧಣಿ ದೂರು ಕೊಟ್ಟ: ಮೈಗಳ್ಳ, ಕುಡುಕ.
ನ್ಯಾಯಾಧೀಶರ ಕೋಟಿಗೆ ಎರಡು ಸಾಲು ಗುಂಡಿ, ನಮ್ಮವೇ;
ಅಂಚಿನ ಬಳ್ಳಿ ನೋಡಿದರೆ ಗೊತ್ತಾಗುತ್ತದೆ.
"ಕೈ ನೀಡಿ ಹಿಡಿ," ಎಂದರು. ಹಿಡಿದ.
ಗಾಳಿಯಿಲ್ಲದ ಕೋಣೆಯಲ್ಲಿ ಎಲೆ.
"ಈ ವಯಸ್ಸಿಗೇ ಜಿನ್ನೇ?" ಎಂದರು, ನಿಜಕ್ಕೂ ನೊಂದುಕೊಂಡೇ.
ಕಾಗದದ ಎರಡು ಅರ್ಧ ತರಿಸಿ ಹಲ್ಲಿಗೆ ಹಲ್ಲು ಜೋಡಿಸಿದರು.
ಕೂಡಿತು. ಇನ್ನೂ ನಾಲ್ಕು ವರ್ಷ.
ಹುಡುಗ ಏನೋ ತೋರಿಸಲೆಂದು ಜೇಬು ತಡಕಿದ;
ಕೈಗೆ ಜೇಬು ಸಿಗಲಿಲ್ಲ.

ನಾಲ್ಕು ವರ್ಷ ಬೇಕಾಗಲಿಲ್ಲ.
ಸೇಂಟ್ ಫಿಲಿಪ್ ಚರ್ಚಿನ ಬಡಗಣ ಮೂಲೆಯಲ್ಲಿ ನೆಲ ಹೆಪ್ಪುಗಟ್ಟಿತ್ತು,
ಗುಂಡಿ ತೋಡುವವನು ಎರಡು ಸಲ ಹಾರೆ ಬದಲಿಸಿದ.
ಒಳಕೋಟು ನಾನೇ ಸರಿಮಾಡಿದೆ.
ಕೈಗಳು ಈಗ ಅಲುಗುತ್ತಿರಲಿಲ್ಲ,
ಬೇಕಿದ್ದರೆ ತಾನೇ ಹಾಕಿಕೊಳ್ಳಬಹುದಿತ್ತು.
ಒಂದು, ಎರಡು, ಮೂರು, ನಾಲ್ಕು.
ಮೇಲಿನದೊಂದು ಬಿಟ್ಟೆ.