ಓಡಿಸುವವಳ ಓಟ

ವಾರಕ್ಕೆ ಐದು ದಿನ ಈ ರಸ್ತೆಯಲ್ಲಿ
ನಾನು ಬಸ್ಸು ಓಡಿಸುವವಳು.
ಇವತ್ತು ಭಾನುವಾರ, ಹ್ಯಾಲಿಫ್ಯಾಕ್ಸಿನ ಮಾರ್ಚಿ ಚಳಿ.
ಆ ‘ಇಸು’ ಒಂದನ್ನು ಕಳಚಿ
ಕೋಟಿನ ಜೊತೆ ಚರ್ಚಿನ ಬೇಲಿಗೆ ನೇತುಹಾಕಿ
ಬರೀ ಓಡಲು ನಿಂತಿದ್ದೇನೆ.

ಎದೆಯ ಮೇಲೆ ನಾಲ್ಕು ಪಿನ್ನು, ಒಂದು ನಂಬರು: ಇನ್ನೂರ ಹದಿನೇಳು.
ಬಸ್ಸಿಗಾದರೆ ನಂಬರಿನ ಪಕ್ಕ ಊರಿನ ಹೆಸರೂ ಇರುತ್ತದೆ.
ನನಗಿಲ್ಲ.
ಹೋಗುವುದು ಐದು ಕಿಲೋಮೀಟರು, ಸೇರುವುದು ಇಲ್ಲಿಗೇ.
ಇಷ್ಟಕ್ಕೆ ಹನ್ನೆರಡು ಪೌಂಡು ಕೊಟ್ಟವಳನ್ನು
ನನ್ನ ಬಸ್ಸಿನಲ್ಲಿ ಯಾರಾದರೂ ನೋಡಿದ್ದರೆ ನಗುತ್ತಿದ್ದರು.

ಸೀಟಿ.

ಮೊದಲ ಇನ್ನೂರು ಗಜ ಯಾರಿಗೂ ಬುದ್ಧಿ ಇರುವುದಿಲ್ಲ.
ಕೆಂಪು ಬನಿಯನ್ನಿನ ಕ್ಲಬ್ಬಿನವರು ಹೋದರು, ಹೋದರು,
ಹೋಗಿಯೇಬಿಟ್ಟರು.
ಮಗುವಿನ ಗಾಡಿ ತಳ್ಳುತ್ತ ಒಬ್ಬಾತ ನನ್ನನ್ನು ದಾಟಿದ,
ಮಗು ನಿದ್ದೆಯಲ್ಲಿತ್ತು.
ನಾನೋ, ಇನ್ನೂ ಬಾರದ ಉಸಿರನ್ನು
ಕೈಗಡ ತಂದು ಖರ್ಚು ಮಾಡಿದೆ.

ಗಿರಣಿಯ ಸ್ಟಾಪು. ಇಳಿಯುವವರಿಲ್ಲ, ಹತ್ತುವವರಿಲ್ಲ,
ಆದರೂ ಬಲಗಾಲು ಬ್ರೇಕು ಹುಡುಕಿತು.
ಟೈಮ್‌ಟೇಬಲ್ಲಿನಲ್ಲಿ ಒಂದೂವರೆ ನಿಮಿಷದ ದಾರಿ,
ಆರು ನಿಮಿಷವಾಗಿತ್ತು.

ಗಾಜಿನ ಹಿಂದೆ ಕೂತವಳಿಗೆ ಈ ರಸ್ತೆಯ ವಾಸನೆ ಗೊತ್ತಿರಲಿಲ್ಲ:
ಬೇಕನ್ ಹುರಿದ ಎಣ್ಣೆ, ಕಾಲುವೆಯ ಪಾಚಿ,
ಪಕ್ಕದವನು ಸೊಂಟಕ್ಕೆ ಬಳಿದ ಮುಲಾಮು.
ಸೇತುವೆಯಾಚೆ ರಸ್ತೆ ಕೊಂಚ ಎಡಕ್ಕೆ ವಾಲುತ್ತದೆ.
ಹನ್ನೊಂದು ವರ್ಷ ಸ್ಟಿಯರಿಂಗು ಹೇಳದ್ದನ್ನು
ಮೊಣಕಾಲು ಹೇಳಿತು.

ಆಮೇಲೆ ಚಾಪೆಲ್ ಹಿಲ್.
ಇಲ್ಲಿ ಬಸ್ಸು ತಾನೇ ಗೇರು ಇಳಿಸಿಕೊಂಡು
ಗೊಣಗುತ್ತ ಏರುತ್ತದೆ.
ಎಷ್ಟು ಸಲ ಬೈದಿದ್ದೇನೆ, ‘ಎಳೆಯೇ ಸೋಮಾರಿ’ ಎಂದು!
ಎಪ್ಪತ್ತು ಜನರನ್ನು ಹೊತ್ತವಳೇ, ತಪ್ಪಾಯಿತು,
ನನಗೆ ನನ್ನೊಬ್ಬಳನ್ನೇ ಹೊರಲಾಗುತ್ತಿಲ್ಲ.

ತಿರುವಿನಲ್ಲಿ ಡಿಪೋದ ಇಜಾಜ್,
ಹಳದಿ ಜಾಕೆಟ್ಟು, ಕೈಯಲ್ಲಿ ಬಾವುಟ.
ಪ್ರಫುಲ್ಲಾ ಎಂಬ ಹೆಸರನ್ನು ಅರ್ಧಕ್ಕೇ ಕಡಿದು
‘ಪ್ರಫ್!’ ಎಂದ, ಮತ್ತೇನೋ ಕೂಗಿದ.
ಅವನಿಗೆ ಕನ್ನಡ ಬಾರದು, ನನಗೆ ಕೇಳಿಸಿದ್ದು ಮಾತ್ರ ‘ಹತ್ತು’.
ಗುಡ್ಡ ಹತ್ತು. ಬಸ್ಸು ಹತ್ತು.
ಎಣಿಸು, ಒಂದರಿಂದ ಹತ್ತು,
ಮತ್ತೆ ಒಂದರಿಂದ.

ಹಾಗೆ ಎಣಿಸುವಾಗ ನೆನಪಾದರು,
ನನ್ನ ಪಕ್ಕದ ಕನ್ನಡಿಯಲ್ಲಿ ಇಷ್ಟು ವರ್ಷ ಓಡಿದವರು:
ಚೀಲ ಎದೆಗವುಚಿ, ಒಂದು ಕೈ ಎತ್ತಿ,
ಬಾಯಿ ತೆರೆದು, ದನಿ ಕೇಳದೆ.
ನವೆಂಬರಿನ ಮಳೆಯಲ್ಲಿ ನರ್ಸಿನ ಉಡುಪಿನ ಹುಡುಗಿ,
ಬಾಗಿಲಿಗೆ ನಾಲ್ಕೇ ಹೆಜ್ಜೆ.
ನಾನು ಎರಡು ನಿಮಿಷ ತಡವಾಗಿದ್ದೆ,
ಕಾಣದವಳಂತೆ ಹೊರಟೆ.
ಸೋತು ನಿಂತವಳು ಕನ್ನಡಿಯಲ್ಲಿ ಸಣ್ಣಗಾದಳು.
ಬೈಯಲೂ ಇಲ್ಲ.
ಅದೀಗ ಅರ್ಥವಾಯಿತು: ಬೈಯಲು ಉಸಿರು ಬೇಕು.

ಇಳಿಜಾರು. ಚರ್ಚು. ಕೆಂಪು ಅಂಕಿಗಳ ಗಡಿಯಾರ.
ಮೂವತ್ತನಾಲ್ಕು ನಲವತ್ತು, ನಲವತ್ತೊಂದು,
ಮೂವತ್ತೈದಕ್ಕೆ ಬಾಗಿಲು ಮುಚ್ಚುತ್ತದೆಂದು
ನನಗೆ ನಾನೇ ಹಾಕಿಕೊಂಡ ಶರತ್ತು.
ಕೈ ಎತ್ತಿದೆ. ನಿಜವಾಗಿ ಎತ್ತಿದೆ,
ಯಾರೋ ಡ್ರೈವರಿದ್ದಾಳೆ, ನೋಡುತ್ತಾಳೆ ಎಂಬಂತೆ.
ಜನ ಅದನ್ನು ಗೆಲುವೆಂದುಕೊಂಡು ಚಪ್ಪಾಳೆ ತಟ್ಟಿದರು.

ಐವತ್ತಾರು.
ಒಂದು ಬಾಳೆಹಣ್ಣು, ಒಂದು ಲೋಟ ನೀರು,
ಇನ್ನೂರ ಮೂವತ್ತರಲ್ಲಿ ನೂರ ಎಂಬತ್ತೊಂಬತ್ತನೆಯ ಸ್ಥಾನ.
ಗಾಡಿಯಲ್ಲಿದ್ದ ಮಗು ಎದ್ದು ನನ್ನ ಹಣ್ಣನ್ನೇ ನೋಡುತ್ತಿತ್ತು,
ಅರ್ಧ ಕೊಟ್ಟೆ.

ಸೋಮವಾರ, ಬೆಳಿಗ್ಗೆ ಐದೂ ಹತ್ತು.
ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದು ಬಂದಿದ್ದೇನೆ,
ತೊಡೆ ಬೇರೆ ದಾರಿ ಒಪ್ಪಲಿಲ್ಲ.
ಇನ್ನು ಮೇಲೆ ಕಾಯುತ್ತೇನೆಂದು ಯಾರಿಗೂ ಮಾತು ಕೊಡಲಾರೆ,
ಟೈಮ್‌ಟೇಬಲ್ಲು ನನ್ನದಲ್ಲ.
ಸೀಟು ಮುಂದಕ್ಕೆಳೆದು, ಅಂಗೈಯಿಂದ ಮಂಜು ಒರೆಸಿ,
ಎಡಗಡೆಯ ಕನ್ನಡಿಯನ್ನು
ಕೂದಲೆಳೆಯಷ್ಟು ಹೊರಕ್ಕೆ ತಿರುಗಿಸಿದೆ.